ಕಡಲ ಮೇಲಿನ ಹತ್ತು ದಿನಗಳು ಮತ್ತು ಕೃಷ್ಣೆಯ ದಂಡೆಯ ಉಪ್ಪು

(ಚಿಕ್ಕೋಡಿಯಲ್ಲಿ ಸೇರಿದ್ದ ರೈತರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಣ್ಣಿನ ಬಗ್ಗೆ ಮಾತನಾಡಲೆಂದು ನನ್ನನ್ನು ಕರೆಯಿಸಿದ್ದೀರಿ. ನಾನು ದೋಣಿಯ ಬಗ್ಗೆ ಮಾತನಾಡಲು ಬಂದಿದ್ದೇನೆ. ಸಂಘಟಕರು ಮುಖ ಮುಖ ನೋಡಿಕೊಳ್ಳುತ್ತಿರುವುದು ನನಗೆ ಕಾಣುತ್ತಿದೆ. ಸ್ವಲ್ಪ ತಾಳ್ಮೆಯಿರಲಿ, ಮಣ್ಣು ಬಂದೇ ಬರುತ್ತದೆ.

ನಿಮ್ಮ ಈ ಐದು ತಾಲ್ಲೂಕುಗಳಲ್ಲಿ ದೋಣಿ ಎಂಬ ಮಾತಿಗೆ ನೆರೆ ಎಂದೇ ಅರ್ಥ. 2005, 2019, 2021 ಎಂದು ಹೇಳಿದರೆ ಸಾಕು, ಇಲ್ಲಿ ಕುಳಿತಿರುವ ಪ್ರತಿಯೊಬ್ಬರಿಗೂ ಒಂದೊಂದು ನೆನಪು ಏಳುತ್ತದೆ. ಕಲ್ಲೋಳ-ಯಡೂರ ಸೇತುವೆ ಮುಳುಗಿತು, ಮಲಿಕವಾಡ-ದತ್ತವಾಡ ಮುಳುಗಿತು, ಕುಡಚಿ-ಉಗಾರ ಸಂಚಾರ ನಿಂತಿತು ಎಂಬುದು ಶ್ರಾವಣ ಹತ್ತಿರವಾದಂತೆ ಪತ್ರಿಕೆಯಲ್ಲಿ ಬರುವ ವಾಡಿಕೆಯ ಸುದ್ದಿ. ಆಗ ನಿಮ್ಮೂರಿಗೆ ಬರುವುದು ರಬ್ಬರಿನ ದೋಣಿ. ಅದರಲ್ಲಿ ಕುಳಿತವರು ಅರ್ಧ ಗಂಟೆಯಲ್ಲಿ ದಡ ಸೇರುತ್ತಾರೆ. ಹಾಗೆ ಕುಳಿತವರಿಗೆ ಸುತ್ತಲಿನ ನೀರು ಕಳೆದು ಹೋದರೆ ಸಾಕು ಎಂಬುದೊಂದೇ ಪ್ರಾರ್ಥನೆ. ನಾನು ಹೇಳಹೊರಟಿರುವುದು ಬೇರೆ ಬಗೆಯ ದೋಣಿ. ಅದನ್ನು ಹತ್ತಿದ ಮೇಲೆ ಹತ್ತು ಹನ್ನೆರಡು ದಿನ ಇಳಿಯುವಂತಿಲ್ಲ. ಸುತ್ತಲೂ ಕಣ್ಣಿಗೆ ಕಾಣುವಷ್ಟು ದೂರ ನೀರೇ, ಆದರೆ ಕುಡಿಯಲು ಹನಿಯಿಲ್ಲ.

ಮೊದಲು ಈ ಕಡಲು ನಿಮಗೆ ಎಷ್ಟು ಹತ್ತಿರ ಎಂಬುದನ್ನು ನೆನಪಿಸಬೇಕು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುವಾಗ ಅರಬ್ಬಿ ಸಮುದ್ರದಿಂದ ಅರವತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿರುತ್ತಾಳೆ. ಹತ್ತಿರದ ಕಡಲನ್ನು ಬಿಟ್ಟು, 1,400 ಕಿ.ಮೀ. ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ. ದೂಧಗಂಗಾ, ವೇದಗಂಗಾ ನದಿಗಳ ಕಥೆಯೂ ಅದೇ. ದಾಜಿಪುರದ ಕಾಡಿನ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಪೂರ್ವದ ಮಗ್ಗುಲಿಗೆ ಸರಿದದ್ದು ನಿಪ್ಪಾಣಿ, ಚಿಕ್ಕೋಡಿಗಳ ಕಡೆಗೆ. ಪಶ್ಚಿಮದ ಮಗ್ಗುಲಿಗೆ ಸರಿದದ್ದು ಫೋಂಡಾ ಘಟ್ಟವನ್ನಿಳಿದು ಕೊಂಕಣಕ್ಕೆ. ನಿಪ್ಪಾಣಿಯಿಂದ ರಾಧಾನಗರಿ, ದಾಜಿಪುರ, ಫೋಂಡಾ ಮಾರ್ಗವಾಗಿ ಹೋಗುವ ರಸ್ತೆಯ ಕೊನೆಯ ಊರು ದೇವಗಡ. ನಿಮ್ಮ ಮಕ್ಕಳಿಗೆ ದೇವಗಡವೆಂದರೆ ಆಪೂಸು ಮಾವು. ಅದು ಬಂದರು ಕೂಡ ಹೌದು.

ರೈಲು ಬರುವ ಮೊದಲು ಬಯಲಿನ ಸರಕಿಗೆ ಘಟ್ಟವಿಳಿಯುವುದೇ ದಾರಿ. ಬೆಳಗಾವಿ ಕಡೆಯ ಮಾಲು ವೆಂಗುರ್ಲಾ ಬಂದರಿಗೆ ಇಳಿಯುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳ ಎರೆಭೂಮಿಯ ಹತ್ತಿ ನಮ್ಮ ದೇವಿಮನೆ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ನಾನು ಆ ಘಟ್ಟದ ಮೇಲ್ಮಗ್ಗುಲಿನವನು. ಕುಮಟೆಯ ಸುತ್ತ ಹತ್ತಿಯ ಗಿಡ ಬೆಳೆಯುವುದಿಲ್ಲ, ಅಲ್ಲಿಯದು ಭತ್ತ ಮತ್ತು ತೆಂಗಿನ ನೆಲ. ಆದರೂ ಮುಂಬೈ ಪೇಟೆಯಲ್ಲಿ ನಿಮ್ಮ ಈ ಸೀಮೆಯ ನಾಟಿ ಹತ್ತಿಗೆ 'ಕುಮ್ಟಾ ಹತ್ತಿ' ಎಂದೇ ಹೆಸರು ಬಿತ್ತು. ಸಸ್ಯಶಾಸ್ತ್ರದ ಹಳೆಯ ಗ್ರಂಥಗಳಲ್ಲಿ ಇಂದಿಗೂ ಆ ತಳಿಯನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಬೆಳೆದವನ ಊರಿನ ಹೆಸರು ಉಳಿಯಲಿಲ್ಲ, ಹಡಗು ಹತ್ತಿಸಿದ ಊರಿನ ಹೆಸರು ಉಳಿಯಿತು. ವ್ಯಾಪಾರದಲ್ಲಿ ಇದು ಹೊಸತೇನಲ್ಲ.

ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಈ ದಾರಿಯ ಮೇಲೆ ಗಾಡಿಗಳು ಸಾಲುಗಟ್ಟಿದವು. ಆ ಹತ್ತಿಯನ್ನು ಮಳೆಗಾಲದ ಕೊನೆಯಲ್ಲಿ ಬಿತ್ತುತ್ತಿದ್ದರು. ಎರೆಮಣ್ಣು ಒಳಗೆ ಹಿಡಿದಿಟ್ಟುಕೊಂಡ ತೇವದಲ್ಲಿಯೇ ಅದು ಬೆಳೆಯುತ್ತಿತ್ತು. ಮೇಲಿನಿಂದ ಒಂದು ಕೊಡ ನೀರನ್ನೂ ಹಾಕುತ್ತಿರಲಿಲ್ಲ. ಬಿಡಿಸುವುದು ಮುಗಿಯುವ ಹೊತ್ತಿಗೆ ಬೇಸಿಗೆ. ಜೂನ್ ತಿಂಗಳಿಗೆ ಕಡಲು ಮುಚ್ಚುತ್ತದೆ. ಅಷ್ಟರೊಳಗೆ ಘಟ್ಟವಿಳಿಸಿ, ಹಡಗಿಗೇರಿಸಿ, ಮುಂಬೈ ತಲುಪಿಸಬೇಕು. ತಡವಾದರೆ ಮಾಲು ಬಂದರಿನಲ್ಲಿಯೇ ನಾಲ್ಕು ತಿಂಗಳು ತೋಯಬೇಕು. ತೂಕ ಹೆಚ್ಚಿಸಲು ಹತ್ತಿಯಲ್ಲಿ ಕಸ, ಬೀಜ ಬೆರೆಸುವುದು ಎಷ್ಟು ಹೆಚ್ಚಿತೆಂದರೆ ಮುಂಬೈ ಸರಕಾರ 1863ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಬೇಕಾಯಿತು. 1880ರ ದಶಕದಲ್ಲಿ ಮಿರಜ-ಬೆಳಗಾವಿ ರೈಲು ಮಾರ್ಗ ಬಂದಿತು. ನಿಮ್ಮ ಕುಡಚಿ, ಚಿಂಚಲಿ, ರಾಯಬಾಗ ನಿಲ್ದಾಣಗಳಿರುವುದು ಆ ಮಾರ್ಗದ ಮೇಲೆಯೇ. ಅಲ್ಲಿಂದಾಚೆಗೆ ಕುಮಟೆ ಸಣ್ಣ ಊರಾಯಿತು. ಬಯಲಿನವರು ಕಡಲನ್ನು ಮರೆತರು.

ಆ ಹತ್ತಿಯನ್ನು ಹೊತ್ತು ಹೋಗುತ್ತಿದ್ದ ಹಡಗಿಗೆ ಪತ್ತೆಮಾರಿ ಎಂದು ಹೆಸರು. ಎರಡು ಅಥವಾ ಮೂರು ಕೂವೆಮರ, ಒಂದೊಂದಕ್ಕೂ ಓರೆಯಾಗಿ ಕಟ್ಟಿದ ಮೂಲೆಹಾಯಿ. ಹಡಗಿನ ಒಡಲೆಲ್ಲ ನಮ್ಮ ಘಟ್ಟದ ಕಾಡು. ಹಲಗೆಗೆ ತೇಗ, ಹೆಬ್ಬಲಸು. ಕೂವೆಗೆ ಸುರಹೊನ್ನೆಯ ಜಾತಿಗೆ ಸೇರಿದ ಪೂನ್ ಎಂಬ ನೇರ ಮರ. ಈ ಪೂನ್ ಮರಕ್ಕಾಗಿ ಆಂಗ್ಲರ ನೌಕಾಪಡೆಯವರೂ ಕೆನರಾ ಕಾಡನ್ನು ಹುಡುಕಿಸಿದ್ದರು. ಹಲಗೆಯ ಸಂದಿಗೆ ಹತ್ತಿಯ ಬತ್ತಿ ಮತ್ತು ರಾಳ, ಹಗ್ಗಕ್ಕೆ ತೆಂಗಿನ ನಾರು, ಮೈಗೆ ಮೀನೆಣ್ಣೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹೆಂಚು ಮುಂಬೈ ಕಡೆಗೆ ಹೋದದ್ದೂ ಇಂಥ ಹಡಗುಗಳಲ್ಲಿಯೇ. ಮರಳುವಾಗ ಬಟ್ಟೆ, ಈರುಳ್ಳಿ, ಖರ್ಜೂರ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು, ತೆಂಗಿನಕಾಯಿ, ಒಣಮೀನು ಹೇರೆತ್ತುಗಳ ಬೆನ್ನ ಮೇಲೆ ಘಟ್ಟ ಹತ್ತುತ್ತಿದ್ದವು.

ಪತ್ತೆಮಾರಿಯವರ ದಿನಚರಿಯನ್ನು ಗಾಳಿ ನಿರ್ಧರಿಸುತ್ತಿತ್ತು. ನವೆಂಬರಿನಿಂದ ಮಾರ್ಚಿಯವರೆಗೆ ನಮ್ಮ ಕರಾವಳಿಯಲ್ಲಿ ರಾತ್ರಿ ನೆಲ ಬೇಗ ತಣಿದು ಘಟ್ಟದ ಕಡೆಯಿಂದ ಕಡಲಿಗೆ ಗಾಳಿ ಬೀಸುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದಿಂದ ಕಡಲಗಾಳಿ. ಹಾಗಾಗಿ ಮುಂಬೈಯಿಂದ ದಕ್ಷಿಣಕ್ಕೆ ಬರುವುದು ಸುಲಭ. ಮಂಗಳೂರಿನಿಂದ ಉತ್ತರಕ್ಕೆ ಹೋಗುವಾಗ ನಡುರಾತ್ರಿ ಎದ್ದು ನೆಲದ ಗಾಳಿಯನ್ನು ಹಿಡಿದು ಕಡಲಿನೊಳಕ್ಕೆ ಸರಿಯಬೇಕು. ಮಧ್ಯಾಹ್ನ ಕಡಲಗಾಳಿ ಬಂದಾಗ ಹಾಯಿ ತಿರುಗಿಸಿ ಓರೆಯಾಗಿ ದಡದ ಕಡೆಗೆ ಬರಬೇಕು. ನೇಗಿಲು ಹೊಡೆದಂತೆ ಹೋಗುವುದು ಬರುವುದು. ಏಳುನೂರು ಕಿಲೋಮೀಟರಿನ ದಾರಿ ಇದರಿಂದ ಎಷ್ಟೋ ಪಟ್ಟು ಉದ್ದವಾಗುತ್ತಿತ್ತು. ದಾರಿ ತೋರಲು ಕರಾವಳಿಯ ಗುಡ್ಡಗಳು, ಮುರುಡೇಶ್ವರದ ಆಚೆಯ ನೇತ್ರಾಣಿ, ಹೊನ್ನಾವರದ ಬಸವರಾಜದುರ್ಗ, ಕಾರವಾರದ ಮುಂದಿನ ದ್ವೀಪಗಳು, ರಾತ್ರಿ ನಕ್ಷತ್ರ ಮತ್ತು ದೀಪಸ್ತಂಭ. ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟು ಆಳ ನೋಡುತ್ತಿದ್ದರು. ಗುಂಡಿನ ತಳಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿಕೊಂಡು ಬಂದದ್ದು ಮರಳೋ ಕೆಸರೋ ಎಂದು ನೋಡಿ ಎಲ್ಲಿದ್ದೇವೆಂದು ಹೇಳಬಲ್ಲ ತಂಡೇಲರಿದ್ದರು. ಮಣ್ಣು ಪರೀಕ್ಷೆ ನಮ್ಮ ಇಲಾಖೆಯ ಸ್ವಂತ ಆವಿಷ್ಕಾರವೆಂದು ನಾವು ಬೀಗಬೇಕಾಗಿಲ್ಲ!

ಇನ್ನು ನಾನೇ ಕಂಡದ್ದನ್ನು ಹೇಳುತ್ತೇನೆ. 2020ರ ಜನವರಿಯಲ್ಲಿ ನಮ್ಮೂರಿನ ನೆರೆಯವರೊಬ್ಬರ ಪರಿಚಯದಿಂದ ಮಲ್ಪೆ ಬಂದರಿನ ಒಂದು ಟ್ರಾಲ್ ದೋಣಿಯಲ್ಲಿ ಹತ್ತು ದಿನ ಕಳೆಯುವ ಅವಕಾಶ ನನಗೆ ದೊರೆಯಿತು. ಆಳಸಮುದ್ರ ಮೀನುಗಾರಿಕೆಯ ದೋಣಿ. ಇಪ್ಪತ್ತು ಮೀಟರಿನಷ್ಟು ಉದ್ದ. ತಂಡೇಲರು ಕುಮಟೆಯವರು. ಅಡುಗೆಯ ಹುಡುಗನೂ ಆ ಕಡೆಯವನೇ. ಬಲೆಯ ಕೆಲಸಕ್ಕೆ ಇಬ್ಬರು ಭಟ್ಕಳದವರು, ಉಳಿದವರು ಒಡಿಶಾ ಮತ್ತು ಆಂಧ್ರದವರು. ನನ್ನನ್ನೂ ಸೇರಿಸಿ ಒಂಬತ್ತು ಜನ. ಒಬ್ಬನ ಭಾಷೆ ಇನ್ನೊಬ್ಬನಿಗೆ ಪೂರ್ತಿ ತಿಳಿಯದು. ಆದರೂ ಬಲೆ ಎಳೆಯುವ ಹೊತ್ತಿಗೆ ಒಂದೇ ಕೂಗಿಗೆ ಎಲ್ಲರ ಕೈ ಒಟ್ಟಿಗೆ ಹೋಗುತ್ತಿತ್ತು.

ಹೊರಡುವ ಹಿಂದಿನ ದಿನವೆಲ್ಲ ತುಂಬುವ ಕೆಲಸ. ಮಂಜುಗಡ್ಡೆಯ ದಿಮ್ಮಿಗಳನ್ನು ಯಂತ್ರದಲ್ಲಿ ಪುಡಿ ಮಾಡಿ ಹೊಟ್ಟೆಯ ಕೋಣೆಗೆ ಸುರಿಯುತ್ತಾರೆ. ಡೀಸೆಲ್ ಸಾವಿರಾರು ಲೀಟರು. ಅಕ್ಕಿ, ಬೇಳೆ, ಎಣ್ಣೆ, ಮೆಣಸಿನ ಪುಡಿ, ಎರಡು ಗ್ಯಾಸ್ ಸಿಲಿಂಡರು, ಹುಣಸೆ, ಈರುಳ್ಳಿ, ಆಲೂಗಡ್ಡೆ. ಕೊನೆಯದಾಗಿ ಕುಡಿಯುವ ನೀರು: ತಲಾ ಸಾವಿರ ಲೀಟರಿನ ಎರಡು ಪ್ಲಾಸ್ಟಿಕ್ ಟ್ಯಾಂಕು. ಅಡುಗೆಯ ಹುಡುಗ ಟ್ಯಾಂಕಿನ ಮುಚ್ಚಳಕ್ಕೆ ಹಗ್ಗ ಬಿಗಿದು, ನಲ್ಲಿಯನ್ನು ತಾನೇ ಎರಡು ಸಲ ತಿರುಗಿಸಿ ನೋಡಿದ. ಡೀಸೆಲಿಗೆ ಅಷ್ಟು ಜತನ ಮಾಡಲಿಲ್ಲ. ನಾನು ಕೇಳಿದೆ. "ಅಕ್ಕಿ ಮುಗಿದ್ರೆ ಮೀನು ತಿಂದಾದ್ರೂ ಇರ್ಲಕ್ಕು ಸರ್, ನೀರು ಮುಗಿದ್ರೆ ಏನ್ ಮಾಡ್ತ್ರಿ?" ಎಂದ.

ದೋಣಿಯ ಮೇಲೆ ಹಗಲು ರಾತ್ರಿಯೆಂಬ ಭೇದ ಎರಡನೆಯ ದಿನಕ್ಕೇ ಅಳಿಸಿಹೋಗುತ್ತದೆ. ಬಲೆ ಬಿಟ್ಟು ಮೂರು ಗಂಟೆ ಎಳೆಯುವುದು, ಮೇಲೆತ್ತುವುದು, ಮೀನು ಸುರಿದು ಮತ್ತೆ ಬಲೆ ಬಿಡುವುದು, ಆರಿಸುವುದು, ಮಂಜಿನಲ್ಲಿ ಪದರ ಪದರವಾಗಿ ಜೋಡಿಸುವುದು. ಅಷ್ಟರಲ್ಲಿ ಮುಂದಿನ ಬಲೆ ಮೇಲೇಳುವ ಹೊತ್ತು. ನಿದ್ದೆ ಎರಡು ಗಂಟೆಯ ತುಂಡುಗಳಲ್ಲಿ. ಚುಕ್ಕಾಣಿಯ ಹಿಂದಿನ ಕೋಣೆಯಲ್ಲಿ ಮೂರು ಅಂತಸ್ತಿನ ಹಲಗೆಗಳು. ಒಬ್ಬ ಎದ್ದ ಜಾಗದಲ್ಲಿ ಇನ್ನೊಬ್ಬ ಮಲಗುತ್ತಾನೆ, ಹಾಸಿಗೆ ಆರುವುದೇ ಇಲ್ಲ. ಇಂಜಿನ್ನಿನ ಸದ್ದು ಎಲುಬಿನೊಳಗೆ ಇಳಿದಿರುತ್ತದೆ. ಅದು ಒಮ್ಮೆ ನಿಂತರೆ ಮಲಗಿದ್ದವರೆಲ್ಲ ಎದ್ದು ಕುಳಿತುಕೊಳ್ಳುತ್ತಾರೆ. ಮೊದಲ ಎರಡು ದಿನ ನನಗೆ ತಲೆ ಎತ್ತಲಾಗಲಿಲ್ಲ, ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಯಾರೂ ನಗಲಿಲ್ಲ. ಹುಣಸೆ ನೀರು ಕುಡಿಸಿ, ದಿಗಂತವನ್ನೇ ನೋಡುತ್ತ ಕುಳಿತುಕೊಳ್ಳಲು ಹೇಳಿದರು. ಮೂರನೆಯ ದಿನ ಗಂಜಿ ಸೇರಿತು.

ನೀರಿನ ಲೆಕ್ಕಕ್ಕೆ ಬರುತ್ತೇನೆ. ಸ್ನಾನ ಕಡಲ ನೀರಿನಲ್ಲಿ, ಕೊನೆಗೆ ಒಂದೇ ಚೊಂಬು ಸಿಹಿನೀರು. ಪಾತ್ರೆ ತಿಕ್ಕುವುದು ಕಡಲ ನೀರಿನಲ್ಲಿ. ಅಕ್ಕಿಯ ಮೊದಲ ತೊಳೆ ಕಡಲ ನೀರಿನಲ್ಲಿ, ಎರಡನೆಯದು ಮಾತ್ರ ಸಿಹಿನೀರಿನಲ್ಲಿ. ಮೀನಿನ ಸಾರಿಗೆ ಉಪ್ಪು ಹಾಕುವುದಿಲ್ಲ, ಒಂದು ಲೋಟ ಕಡಲನ್ನೇ ಹಾಕುತ್ತಾರೆ. ನಾನು ಮನೆಯಿಂದ ಒಯ್ದ ಸಾಬೂನು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಕಡಲ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನನ್ನು ಒಡೆದು ಜಿಡ್ಡು ಮಾಡಿಬಿಡುತ್ತವೆ. ಕಾಗವಾಡ, ಅಥಣಿ ಕಡೆಯ ಹೆಣ್ಣುಮಕ್ಕಳು ಇಲ್ಲಿದ್ದಾರೆ. ನದಿದಂಡೆಯ ಕೆಲವು ಬಾವಿಗಳ ನೀರಿನಲ್ಲಿ ಸಾಬೂನು ನೊರೆಯಾಗದು, ತೊಗರಿಬೇಳೆ ಬೇಯದು ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಾರಣ ಎರಡು ಕಡೆಯೂ ಒಂದೇ.

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದನ್ನು ಕುಡಿದವನಿಗೆ ದಾಹ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ. ಒಳಹೊಕ್ಕ ಉಪ್ಪನ್ನು ಹೊರಹಾಕಲು ಮೂತ್ರಪಿಂಡಕ್ಕೆ ಕುಡಿದುದಕ್ಕಿಂತಲೂ ಹೆಚ್ಚು ನೀರು ಬೇಕಾಗುತ್ತದೆ. ದೇಹ ತನ್ನದೇ ನೀರನ್ನು ಕೊಟ್ಟು ಬತ್ತುತ್ತದೆ. ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡಿ, ಹೊಲಕ್ಕೆ ಬಂದಾಗ ಮತ್ತೆ ಬೇಕಾಗುತ್ತದೆ.

ಐದನೆಯ ರಾತ್ರಿ ನಾವು ಗೋವೆಯನ್ನು ದಾಟಿ ಉತ್ತರಕ್ಕೆ ಬಂದಿದ್ದೆವು. ತಂಡೇಲರು ನನ್ನನ್ನು ಕರೆದು ಪೂರ್ವದ ಅಂಚಿನಲ್ಲಿ ಮಸುಕಾದ ಬೆಳಕಿನ ಸಾಲೊಂದನ್ನು ತೋರಿಸಿ, ಮಾಲವಣ ಎಂದರು. ಆಮೇಲೆ ಬಹಳ ಹೊತ್ತು ಮಾತನಾಡಲಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಜನರೊಡನೆ ಕಣ್ಮರೆಯಾದದ್ದು ಇದೇ ಸಿಂಧುದುರ್ಗದ ಕಡಲಿನಲ್ಲಿ. ಆ ಏಳು ಜನರಲ್ಲಿ ಉಡುಪಿಯವರೂ ಉತ್ತರ ಕನ್ನಡದವರೂ ಇದ್ದರು. ಮನೆಯವರು ನಾಲ್ಕೂವರೆ ತಿಂಗಳು ಕಾದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಹಡಗು ಮಾಲವಣದ ಆಚೆ ಕಡಲತಳದಲ್ಲಿ ದೋಣಿಯ ಅವಶೇಷವನ್ನು ಕಂಡುಹಿಡಿಯಿತು. ನಮ್ಮ ತಂಡೇಲರಿಗೆ ಅವರಲ್ಲಿ ಕೆಲವರ ಮುಖಪರಿಚಯವಿತ್ತು. ಆ ಜಾಗ ದಾಟುವಾಗ ಅಡುಗೆಯ ಹುಡುಗ ಒಂದು ತೆಂಗಿನಕಾಯಿಯನ್ನು ಕಡಲಿಗೆ ಬಿಟ್ಟ. ನೂಲಹುಣ್ಣಿಮೆಯಲ್ಲದ ದಿನ ಕಡಲಿಗೆ ಕಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಕಡಲಿನಲ್ಲಿಯೂ ಗಡಿಯಿದೆ. ದಡದಿಂದ ಹನ್ನೆರಡು ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿ.ಮೀ.ಯವರೆಗಿನ ನೀರಿನಲ್ಲಿ ಮೀನುಗಾರಿಕೆಗೆ ಆಯಾ ರಾಜ್ಯದ ಕಾಯ್ದೆ. ಅದರೊಳಗೆ ಪರರಾಜ್ಯದ ದೋಣಿ ಬಲೆ ಬಿಟ್ಟರೆ ಜಗಳ, ದಂಡ, ಕೆಲವೊಮ್ಮೆ ಕೈಮಿಲಾವಣೆ. ಗಡಿಯ ತಂಟೆಯ ವಿಚಾರವನ್ನು ಚಿಕ್ಕೋಡಿಯಲ್ಲಿ ನಿಂತು ನಾನು ವಿವರಿಸುವ ಅಗತ್ಯವಿಲ್ಲ. ಆದರೆ ಮೀನಿಗೆ ಆ ಗೆರೆ ತಿಳಿಯದು. ಮಳೆಗಾಲದ ಮೀನುಗಾರಿಕೆಯ ನಿಷೇಧ ಹಿಂದೆ ರಾಜ್ಯಕ್ಕೊಂದು ಬಗೆಯಾಗಿತ್ತು. 2015ರಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂದಾಯಿತು. ಬಹಳ ತಡವಾಗಿ ಬಂದ ಒಳ್ಳೆಯ ನಿರ್ಣಯವೆಂದೇ ನನ್ನ ಅಭಿಪ್ರಾಯ. ಪತ್ತೆಮಾರಿಯ ಕಾಲದಲ್ಲಿ ಗಾಳಿಯೇ ಈ ಕಾಯ್ದೆಯನ್ನು ಜಾರಿ ಮಾಡುತ್ತಿತ್ತು. ಇಂಜಿನ್ ಬಂದ ಮೇಲೆ ಗಾಳಿಯ ಮಾತನ್ನು ಯಾರೂ ಕೇಳುವುದಿಲ್ಲ.

ಬಲೆ ಮೇಲೆ ಬಂದಾಗ ಅದರಲ್ಲಿ ಏನಿರುತ್ತದೆ? ನಾನು ಪ್ರತಿ ಸಲವೂ ನೋಡುತ್ತ ನಿಂತಿರುತ್ತಿದ್ದೆ. ಒಳ್ಳೆಯ ಬೆಲೆಯ ಮೀನು ಒಂದು ಪಾಲು. ಬೆರಳಿನಷ್ಟು ದೊಡ್ಡದಾಗದ ಮರಿಗಳು, ಹೆಸರಿಲ್ಲದ ಸಣ್ಣಪುಟ್ಟ ಜೀವಿಗಳು ದೊಡ್ಡ ಪಾಲು. ಅವನ್ನು ಒಂದೆಡೆ ರಾಶಿ ಹಾಕುತ್ತಾರೆ. ದಡಕ್ಕೆ ಬಂದ ಮೇಲೆ ಅವು ಮೀನಹಿಟ್ಟಿನ ಕಾರ್ಖಾನೆಗೆ, ಅಲ್ಲಿಂದ ಕೋಳಿ ಮತ್ತು ಸಿಗಡಿಯ ಮೇವಿಗೆ. ನಡುವೆ ಹಾಲಿನ ಪೊಟ್ಟಣ, ಚಪ್ಪಲಿ, ಗೊಬ್ಬರದ ಚೀಲ. ಘಟ್ಟದಿಂದ ಪಶ್ಚಿಮಕ್ಕಿಳಿಯುವ ಹೊಳೆಗಳು ಅವನ್ನು ಒಯ್ದು ಕೊಡುತ್ತವೆ, ನಮ್ಮೂರಿನ ಹಳ್ಳವೂ ಅವುಗಳಲ್ಲೊಂದು. ತಂಡೇಲರು ಒಂದು ದಿನ ಒಂದು ಹಿಡಿ ಮರಿಮೀನನ್ನು ಅಂಗೈಯಲ್ಲಿ ಹರಡಿಕೊಂಡು, "ಇವು ಬರುವ ವರ್ಷದ್ದು ಸರ್, ನಾವು ಈಗಲೇ ತಕ್ಕಂಡು ಬಂದದ್ದು" ಎಂದರು. ಸಾಲ ಮಾಡಿ ದೋಣಿ ಕಟ್ಟಿಸಿದ ಮಾಲೀಕನಿಗೆ ಕಂತು ಕಟ್ಟಬೇಕು, ಡೀಸೆಲಿನ ಬೆಲೆ ಹುಟ್ಟಬೇಕು. ಅವರು ಕೆಟ್ಟವರಲ್ಲ. ಮುಂದಿನ ವರ್ಷದ್ದನ್ನು ಈ ವರ್ಷವೇ ತಿನ್ನುವಂತೆ ಲೆಕ್ಕ ಕೂಡಿಬಂದಿದೆ, ಅಷ್ಟೇ.

ಹತ್ತನೆಯ ದಿನ ಮಲ್ಪೆಗೆ ಮರಳಿದಾಗ ಎರಡನೆಯ ಟ್ಯಾಂಕಿನ ತಳದಲ್ಲಿ ಒಂದು ಗೇಣು ನೀರು ಉಳಿದಿತ್ತು. ಎಲ್ಲವೂ ಮುಗಿಯಿತೆಂದೇ ಹಿಡಿಯೋಣ: ಒಂಬತ್ತು ಜನ, ಹತ್ತು ದಿನ, ಎರಡು ಸಾವಿರ ಲೀಟರು. ದಿನಕ್ಕೆ 200 ಲೀಟರು.

ಈಗ ನಿಮ್ಮ ಹೊಲಕ್ಕೆ ಬರೋಣ. ಒಂದು ಎಕರೆ ಕಬ್ಬಿಗೆ ಒಂದು ವರ್ಷದಲ್ಲಿ ಹಾಯಿಸುವ ನೀರನ್ನು ಹೊಲದಲ್ಲಿ ನಿಲ್ಲಿಸಿದರೆ ಒಂದೂವರೆ ಮೀಟರು ಆಳ ಬರುತ್ತದೆಂದು ಇಟ್ಟುಕೊಳ್ಳಿ. ಕಾಲುವೆ ಅಥವಾ ನದಿಯ ಮೋಟಾರು ಇದ್ದವರು ಇದಕ್ಕಿಂತ ಹೆಚ್ಚೇ ಹಾಯಿಸುತ್ತಾರೆ. ಎಕರೆಗೆ 4,047 ಚದರ ಮೀಟರು, ಒಂದೂವರೆ ಮೀಟರು ಆಳವೆಂದರೆ ಸುಮಾರು 60 ಲಕ್ಷ ಲೀಟರು. ಆ ದೋಣಿಯವರ ದಿನದ 200 ಲೀಟರಿನಂತೆ ಭಾಗಿಸಿ ನೋಡಿ. ಒಂದು ಎಕರೆ ಕಬ್ಬಿನ ಒಂದು ವರ್ಷದ ನೀರು ಆ ಒಂಬತ್ತು ಜನರಿಗೆ 83 ವರ್ಷ ಸಾಲುತ್ತದೆ. ಮನುಷ್ಯನಿಗೂ ಬೆಳೆಗೂ ಹೋಲಿಕೆ ಸರಿಯಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಕಬ್ಬಿಗೆ ನೀರು ಬೇಕು, ಗಿಡ ಗಾಳಿಗೆ ಬಿಡುವ ನೀರನ್ನು ಉಳಿಸಲು ಬರುವುದಿಲ್ಲ. ನನ್ನ ಆತಂಕ ನೀರಿನ ಖರ್ಚಿನದ್ದಲ್ಲ, ನೀರು ಬಿಟ್ಟುಹೋಗುವ ವಸ್ತುವಿನದ್ದು.

ಸಿಹಿನೀರೆಂದು ನಾವು ಕರೆಯುವುದರಲ್ಲಿಯೂ ಉಪ್ಪಿದೆ. ಲೀಟರಿಗೆ 300 ಮಿಲಿಗ್ರಾಂ ಎಂದರೆ ಯಾರೂ ಅದನ್ನು ಉಪ್ಪುನೀರು ಎನ್ನುವುದಿಲ್ಲ, ಧಾರಾಳವಾಗಿ ಕುಡಿಯಬಹುದು. ಆದರೆ 60 ಲಕ್ಷ ಲೀಟರಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಎಕರೆಗೆ 1,800 ಕಿಲೋ ಉಪ್ಪು ಬರುತ್ತದೆ. ನೀರು ಗಾಳಿಗೆ ಹೋಗುತ್ತದೆ. ಉಪ್ಪು ಗಾಳಿಗೆ ಹೋಗುವುದಿಲ್ಲ. ಬೇರಿನಿಂದ ಕೆಳಕ್ಕೆ ಬಸಿದು ಹಳ್ಳಕ್ಕೆ ಹೋಗಬೇಕು. ಎರೆಮಣ್ಣಿನಲ್ಲಿ ನೀರು ಬಸಿಯುವುದು ಬಹಳ ನಿಧಾನ. ಹಳ್ಳಗಳನ್ನು ಒತ್ತುವರಿ ಮಾಡಿ, ಬದುವಿನ ಬಸಿಗಾಲುವೆ ಮುಚ್ಚಿ ಅಲ್ಲಿಯೂ ಎರಡು ಸಾಲು ಕಬ್ಬು ನೆಟ್ಟಾಗ ಉಪ್ಪಿಗೆ ದಾರಿಯೇ ಉಳಿಯುವುದಿಲ್ಲ. ವರ್ಷ ವರ್ಷವೂ ಅಂತರ್ಜಲ ಮೇಲೇರುತ್ತದೆ. ಒಂದು ಮೀಟರಿನಷ್ಟು ಸಮೀಪ ಬಂದಾಗ, ದೀಪದ ಬತ್ತಿ ಎಣ್ಣೆ ಹೀರಿದಂತೆ ಮಣ್ಣು ಅದನ್ನು ಮೇಲಕ್ಕೆ ಹೀರುತ್ತದೆ. ಮೇಲೆ ಬಿಸಿಲು. ಚೈತ್ರದ ಹೊತ್ತಿಗೆ ಹೊಲದ ಮೇಲೆ ಬಿಳಿಯ ಹುಡಿ. ಜವಳು ಹಿಡಿಯಿತು, ಸವಳು ಬಿದ್ದಿತು ಎಂದು ನೀವು ಹೇಳುವುದು ಇದನ್ನೇ. ನದಿದಂಡೆಯ ಊರುಗಳಲ್ಲಿ ಒಂದು ಕಾಲಕ್ಕೆ ಅತ್ಯಂತ ಬೆಲೆಬಾಳುತ್ತಿದ್ದ ಹೊಲಗಳೇ ಇಂದು ಜಾಲಿ ಮತ್ತು ಆಪಿನ ತಾಣವಾಗಿರುವುದನ್ನು ನಿಮ್ಮ ಕಣ್ಣಿನಿಂದಲೇ ಕಂಡಿದ್ದೀರಿ.

ಅಂಥ ಹೊಲದಲ್ಲಿ ಕಬ್ಬು ಒಣಗುವುದನ್ನು ನೋಡಿ ರೈತ ಏನು ಮಾಡುತ್ತಾನೆ? ಇನ್ನೂ ಒಂದು ಪಾಳಿ ನೀರು ಬಿಡುತ್ತಾನೆ. ಕಡಲ ನೀರು ಕುಡಿದ ಖಲಾಸಿಯ ಸ್ಥಿತಿಯನ್ನು ಈಗ ನೆನಪಿಸಿಕೊಳ್ಳಿ. ಬೇರಿನ ಸುತ್ತ ನೀರು ನಿಂತಿರುತ್ತದೆ. ಆದರೆ ಆ ನೀರಿನಲ್ಲಿ ಕರಗಿದ ಉಪ್ಪು ಬೇರಿನ ಒಳಗಿರುವುದಕ್ಕಿಂತ ಹೆಚ್ಚಾದರೆ ಬೇರಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತು ಗಿಡ ಬಾಯಾರಿ ಸಾಯುತ್ತದೆ. ಮಣ್ಣಿನ ಉಪ್ಪನ್ನು ನಾವು ಡೆಸಿಸೀಮೆನ್ಸ್ ಎಂಬ ಮಾನದಿಂದ ಅಳೆಯುತ್ತೇವೆ. ಕಡಲ ನೀರು 50ರ ಸುಮಾರಿಗೆ. 4ನ್ನು ದಾಟಿದ ಮಣ್ಣನ್ನು ಸವಳು ಎನ್ನುತ್ತೇವೆ. ಕಬ್ಬಿನ ಇಳುವರಿ 1.7ರಿಂದಲೇ ಇಳಿಯತೊಡಗಿ, 10ರ ಹೊತ್ತಿಗೆ ಅರ್ಧಕ್ಕೆ ಬರುತ್ತದೆ. ಹತ್ತಿ 7ರವರೆಗೂ ಜಗ್ಗುವುದಿಲ್ಲ. ಘಟ್ಟವಿಳಿದು ಹಡಗು ಹತ್ತುತ್ತಿದ್ದ ಬೆಳೆ ಮೇಲಿನ ನೀರನ್ನೂ ಕೇಳುತ್ತಿರಲಿಲ್ಲ, ಉಪ್ಪಿಗೂ ಅಷ್ಟು ಬೇಗ ಸೋಲುತ್ತಿರಲಿಲ್ಲ. ಅದಕ್ಕೇ ಮರಳಿರಿ ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯ ಬಿಲ್ಲು ಬರುವಂತೆ ಹತ್ತಿಯ ಹಣ ಬರುವುದಿಲ್ಲವೆಂಬುದು ನನಗೆ ಗೊತ್ತು. ಹುಡುಗಿಯ ಮದುವೆ, ಸೊಸೈಟಿಯ ಸಾಲ ಎಲ್ಲವೂ ಕಬ್ಬಿನ ಮೇಲೆ ನಿಂತಿವೆ.

ಮಾಡಬಹುದಾದದ್ದು ಇದೆ. ಎಲ್ಲಕ್ಕಿಂತ ಮೊದಲು ನೀರು ಹೊರಹೋಗುವ ದಾರಿ. ಮುಚ್ಚಿದ ಹಳ್ಳ ತೆರೆಯದೆ ಒಬ್ಬನೇ ರೈತ ತನ್ನ ಹೊಲದಲ್ಲಿ ಬಸಿಗಾಲುವೆ ತೋಡಿದರೆ ಅವನ ಉಪ್ಪು ಕೆಳಗಿನವನ ಹೊಲಕ್ಕೆ ಹೋಗುತ್ತದೆ, ಜಗಳ ಪೊಲೀಸ್ ಠಾಣೆಗೆ ಹೋಗುತ್ತದೆ. ಇದು ಒಂದು ಹೊಲದ ಕೆಲಸವಲ್ಲ, ಒಂದು ಹಳ್ಳದ ಉದ್ದಕ್ಕೂ ಇರುವ ಎಲ್ಲರ ಕೆಲಸ. ನೆಲದಡಿಯಲ್ಲಿ ರಂಧ್ರವಿರುವ ಕೊಳವೆ ಹೂತು ಬಸಿಯುವ ಪದ್ಧತಿಗೆ ಖರ್ಚು ಹೆಚ್ಚು. ಆದರೆ ಬಿಟ್ಟುಹೋದ ಹೊಲದ ಬೆಲೆಯ ಮುಂದೆ ಅದು ಹೆಚ್ಚಲ್ಲ. ಎರಡನೆಯದು, ಹಾಯಿಸುವುದನ್ನು ಕಡಿಮೆ ಮಾಡುವುದು: ಹನಿ ನೀರಾವರಿ, ಆಗದವರು ಸಾಲು ಬಿಟ್ಟು ಸಾಲಿಗೆ ನೀರು. ರವದಿಯನ್ನು ಸುಡದೆ ಮುಚ್ಚಿಗೆ ಮಾಡಿದರೆ ಬಿಸಿಲು ಉಪ್ಪನ್ನು ಮೇಲಕ್ಕೆಳೆಯುವುದು ತಗ್ಗುತ್ತದೆ. ಜಿಪ್ಸಂ ಹಾಕಿ ಎಂದು ಅಂಗಡಿಯವರು ಎಲ್ಲರಿಗೂ ಹೇಳುತ್ತಾರೆ. ಮಣ್ಣಿನಲ್ಲಿ ಸೋಡಿಯಂ ಹೆಚ್ಚಿ ಕ್ಷಾರವಾಗಿದ್ದರೆ ಮಾತ್ರ ಅದರ ಉಪಯೋಗ. ಬರೀ ಸವಳಿಗೆ ಜಿಪ್ಸಂ ಸುರಿಯುವುದೆಂದರೆ ಉಪ್ಪಿಗೆ ಇನ್ನೊಂದು ಉಪ್ಪು ಸೇರಿಸಿದಂತೆ. ಪರೀಕ್ಷೆ ಮಾಡಿಸದೆ ಹಾಕಬೇಡಿ.

ನೆರೆ ಬಂದರೆ ಉಪ್ಪು ತೊಳೆದುಹೋಗುವುದಿಲ್ಲವೇ ಎಂದು ಬೆಳಿಗ್ಗೆ ಚಹಾದ ಹೊತ್ತಿನಲ್ಲಿ ರಾಯಬಾಗದ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಮೇಲಿನ ಹುಡಿ ತೊಳೆಯುತ್ತದೆ. ಆದರೆ ಬಸಿಗಾಲುವೆಯಿಲ್ಲದ ಹೊಲದಲ್ಲಿ ನೆರೆಯ ನೀರು ವಾರಗಟ್ಟಲೆ ನಿಂತು ಅಂತರ್ಜಲವನ್ನೇ ಇನ್ನಷ್ಟು ಏರಿಸಿ ಹೋಗುತ್ತದೆ. ಮುಂದಿನ ಬೇಸಿಗೆಗೆ ಉಪ್ಪು ಮತ್ತೆ ಮೇಲಿರುತ್ತದೆ. ಬಸಿಯುವ ದಾರಿಯಿದ್ದ ಹೊಲಕ್ಕೆ ಮಾತ್ರ ನೆರೆ ಒಂದಿಷ್ಟು ಉಪಕಾರ ಮಾಡೀತು.

ಮಣ್ಣಿನ ಮತ್ತು ಬಾವಿನೀರಿನ ಮಾದರಿ ತಂದಿರುವವರು ಹಿಂದಿನ ಮೇಜಿನ ಬಳಿ ಕೊಡಿ. ಚೀಲದ ಮೇಲೆ ಹೆಸರು, ಊರು, ಸರ್ವೆ ನಂಬರು, ಎಷ್ಟು ಆಳದಿಂದ ತೆಗೆದದ್ದು ಎಂಬುದನ್ನು ಬರೆದಿರಿ. ಮೇಲಿನ ಒಂದು ಗೇಣಿನ ಮಣ್ಣು ಮಾತ್ರ ಸಾಲದು, ಒಂದು ಮೊಳ ಕೆಳಗಿನದೂ ಬೇಕು. ಅಳೆಯುವ ಯಂತ್ರ ತಂದಿದ್ದೇನೆ, ಕಾಲೇಜಿನ ವಿದ್ಯಾರ್ಥಿಗಳು ಸಹಾಯಕ್ಕೆ ಬಂದರೆ ಊಟ ಮುಗಿಯುವಷ್ಟರಲ್ಲಿ ಶುರು ಮಾಡಿ ಸಂಜೆಯ ಬಸ್ಸಿಗೆ ಮುಂಚೆ ಎಲ್ಲರಿಗೂ ಅಂಕಿ ಬರೆದು ಕೊಡಬಹುದು.